ಗೇರಿನ ಲಾಭ, ಊರಿನ ನಷ್ಟ

ಗೇರು ಕೃಷಿಯಿಂದ ಕಾಸರಗೋಡಿನ ಗುಡ್ಡಗಳಿಗೆ ಆದಾಯವೂ ನಮ್ಮವರಿಗೆ ಕೂಲಿಯೂ ದೊರೆತುದು ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ನೀರಿನ ಬಾಬ್ತು ಬರೆಯಲೇ ಇಲ್ಲ.

ಚಿಗುರು, ಹೂಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟ ಗುಡ್ಡದ ಮೇಲೆ. ಮನೆ, ಬಾವಿ, ಸುರಂಗ, ತೋಡು ಕೆಳಗೆ. ಗಾಳಿಗೆ ಹಾರಿದ, ಮಳೆಗೆ ತೊಳೆದ ವಿಷ ಎತ್ತ ಇಳಿದೀತೆಂದು ಬೇಸಾಯಗಾರನಿಗೆ ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಜೇನು ಇಲ್ಲವಾಯಿತು. ಹುಟ್ಟಿದ ಮಕ್ಕಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯಗಳು ಕಂಡವು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಈ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆಜ್ಞಾಪಿಸಿತು. ಹಣ ಬಂದರೂ ನಡೆಯಲಾರದ ಮಗು ನಡೆದೀತೆ?

ಗೇರು ಬೇಡವೆಂದು ನಾವು ಹೇಳುವುದಿಲ್ಲ. ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಯನ್ನು ಉಳಿಸಿರಿ. ಅದು ಟೀ ಸೊಳ್ಳೆಯ ಶತ್ರು. ಮದ್ದು ಅನಿವಾರ್ಯವಾದರೆ ನೀರಿನ ಸೆಲೆಯಿಂದ ದೂರದಲ್ಲಿ, ಕೀಟ ಕಂಡ ಮರಕ್ಕೆ ಮಾತ್ರ ಹೊಡೆಯಿರಿ. ಊರಿಗೆ ಹೊಸ ಯೋಜನೆ ಬಂದಾಗ ಲಾಭವೆಷ್ಟೆಂದು ಕೇಳುವ ಮೊದಲು, ಅದರ ಕೆಳಗೆ ಯಾರ ಬಾವಿ ಇದೆಯೆಂದು ನೋಡೋಣ.