ಸೈಕಲ್ಲಿನ ಸೀಟೂ ಶರೀರದ ಸಮಾಧಾನವೂ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಬಂದ ಎಷ್ಟೋ ತರುಣ ತರುಣಿಯರು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕ ಗಳಿಸಿ ಈ ನೆಲಕ್ಕೆ ಕೀರ್ತಿ ತಂದಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಪದಕಕ್ಕಾಗಿಯಲ್ಲದೆ ಶಾಲೆಗೆ, ಕೆಲಸಕ್ಕೆ ಸೈಕಲ್ ತುಳಿಯುವವರಲ್ಲಿ ನೋವನ್ನು ನುಂಗಿಕೊಂಡು ಸಾಗುವವರೆಷ್ಟು ಮಂದಿ ಎಂಬುದನ್ನು ನಾವು ವಿಚಾರಿಸುವುದೇ ಇಲ್ಲ.

ಕೆಲವು ತಿಂಗಳ ಹಿಂದೆ ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಎಂಟನೆಯ ತರಗತಿಯ ಅವರ ಮಗಳು ಸೈಕಲ್ ಹತ್ತಲು ಒಲ್ಲೆನೆಂದು ವಾರದಲ್ಲಿ ಎರಡು ದಿನ ಶಾಲೆಯನ್ನೇ ತಪ್ಪಿಸುತ್ತಿದ್ದಳು. "ಏನ ತ್ರಾಸ ಐತಿ ಅಂತ ಬಾಯಿ ಬಿಟ್ಟು ಹೇಳವಲ್ಲಳ್ರಿ ಶಾಸ್ತ್ರಿಗಳ" ಎಂದು ಅಜ್ಜಿ ಕಣ್ಣೀರು ತಂದರು. ತಂದೆ ಅದನ್ನು ಮೈಗಳ್ಳತನವೆಂದೇ ಬಗೆದಿದ್ದರು. ಅಂಗಳದಲ್ಲಿ ನಿಂತಿದ್ದ ಸೈಕಲ್ಲನ್ನು ನೋಡಿದೆವು. ಅದರ ಸೀಟಿನ ಮೂತಿ ಆಕಾಶ ನೋಡುತ್ತಿತ್ತು.

ಒಡನೆಯೇ ನಮ್ಮ ವಿದ್ಯಾರ್ಥಿದೆಸೆ ನೆನಪಿಗೆ ಬಂದಿತು. 1976ರ ಸುಮಾರಿಗೆ ಮಠದ ಸೈಕಲ್ಲಿನ ಮೇಲೆ ಪೇಟೆಗೆ ಬರುತ್ತಿದ್ದೆವು. ಇಳಿಯುವಾಗ ತೊಡೆಸಂದು ಜೋಮು ಹಿಡಿದಿರುತ್ತಿತ್ತು. ಸಹಿಸುವುದೇ ಸಾಧನೆ ಎಂದು ತಿಳಿದು ಯಾರಿಗೂ ಹೇಳಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಪಂಕ್ಚರ್ ತಿದ್ದುತ್ತಿದ್ದ ವೃದ್ಧರೊಬ್ಬರು ನಾವು ಕುಂಟುವುದನ್ನು ಕಂಡು, ಪಾನಾ ತಂದು ಸೀಟಿನ ಕೆಳಗಿನ ನಟ್ಟು ಸಡಿಲಿಸಿ, ಮೂತಿಯನ್ನು ತಗ್ಗಿಸಿ ಬಿಗಿದರು. "ಬ್ಯಾನಿ ನಿಮ್ಮ ಮೈಯಾಗ ಇಲ್ರಿ, ಈ ನಟ್ಟಿನ್ಯಾಗ ಐತಿ" ಎಂದರು. ಆ ಮಾತು ಇಂದಿಗೂ ಮರೆತಿಲ್ಲ.

ಇದರ ಕಾರಣ ಸರಳವಾದುದು. ಕುಳಿತಾಗ ಶರೀರದ ಭಾರವನ್ನು ಹೊರಬೇಕಾದವು ಪೃಷ್ಠದ ಎರಡು ಎಲುಬುಗಳು. ಮೂತಿ ಮೇಲೆದ್ದರೆ ಆ ಭಾರ ತೊಡೆಸಂದಿನ ಮೃದು ಭಾಗದ ನರ ಹಾಗೂ ರಕ್ತನಾಳಗಳ ಮೇಲೆ ಬಿದ್ದು ಜೋಮು ಹಿಡಿಯುತ್ತದೆ. ಮೂತಿ ಅತಿಯಾಗಿ ಕೆಳಗಿಳಿದರೆ ಸವಾರನು ಮುಂದಕ್ಕೆ ಜಾರುತ್ತ ಕೈಗಳಿಂದಲೇ ತನ್ನನ್ನು ತಡೆದುಕೊಳ್ಳಬೇಕಾಗಿ, ಮಣಿಕಟ್ಟು, ಭುಜಗಳು ನೋಯುತ್ತವೆ. ಬಗ್ಗಿ ತುಳಿಯುವವರ ಸೊಂಟನೋವಿಗೂ ಸೀಟಿನ ಓರೆಗೂ ಸಂಬಂಧವುಂಟೆಂದು 1999ರಲ್ಲಿ ಇಸ್ರೇಲಿನ ವೈದ್ಯರು ಪ್ರಕಟಿಸಿದ ಅಧ್ಯಯನ ತೋರಿಸಿದೆ. ಮೂತಿಯನ್ನು ಮುಂದಕ್ಕೆ ಬಾಗಿಸಿದಾಗ ಬಹುಪಾಲು ಸವಾರರ ನೋವು ಶಮನವಾಯಿತು. ನೆಟ್ಟಗೆ ಕುಳಿತು ತುಳಿಯುವ ನಮ್ಮ ಸಾಮಾನ್ಯ ಸೈಕಲ್ಲಿಗೆ ಅಷ್ಟು ಬಾಗು ಬೇಕಾಗದು.

ಮನೆಯಲ್ಲಿಯೇ ಮಾಡಬಹುದಾದ ಕ್ರಮ ಹೀಗಿದೆ. ಮೊದಲು ಎತ್ತರವನ್ನು ಸರಿಪಡಿಸಬೇಕು: ಪೆಡಲು ಅತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಓರೆ. ಸಮನೆಲದಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ಹಲಗೆಯಿಟ್ಟು, ಅದರ ಮೇಲೆ ಗೌಂಡಿಯ ರಸಮಟ್ಟವಿಟ್ಟು ನೋಡಬೇಕು. ಮೊದಲು ಸಮತಟ್ಟಾಗಿಯೇ ಬಿಗಿಯಬೇಕು. ಎರಡು ಮೂರು ದಿನ ತುಳಿದರೂ ಒತ್ತಡ ಉಳಿದರೆ ಮೂತಿಯನ್ನು ತುಸುವೇ ಇಳಿಸಬೇಕು. 27 ಸೆಂ.ಮೀ. ಉದ್ದದ ಸೀಟಿನಲ್ಲಿ ಮೂತಿ ಒಂದು ಸೆಂ.ಮೀ. ಇಳಿದರೆ ಸುಮಾರು 2 ಡಿಗ್ರಿಯಾಗುತ್ತದೆ. ಒಮ್ಮೆಗೆ ಅದಕ್ಕಿಂತ ಹೆಚ್ಚು ಬೇಡ. ಹಳೆಯ ಸೈಕಲ್ಲುಗಳಲ್ಲಿ ಕ್ಲಿಪ್ಪಿನ ಹಲ್ಲು ಸವೆದಿದ್ದರೆ ಎಷ್ಟು ಬಿಗಿದರೂ ಮೂತಿ ಮತ್ತೆ ಏಳುತ್ತದೆ. ಅಂತಹ ಕ್ಲಿಪ್ಪನ್ನು ಬದಲಿಸುವುದೇ ಲೇಸು. ಓರೆ ಸರಿಯಾದ ಮೇಲೂ ಜೋಮು ನಿಲ್ಲದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಆ ಬಾಲಕಿಯ ಸೈಕಲ್ಲಿಗೆ ಬೇಕಾದದ್ದು ಹತ್ತು ನಿಮಿಷದ ಕೆಲಸ. ಪಾನಾ ಹಿಡಿದವರು ಅವಳ ತಂದೆಯೇ. ಮರುವಾರದಿಂದ ಅವಳು ಶಾಲೆ ತಪ್ಪಿಸಲಿಲ್ಲವೆಂದು ಅಜ್ಜಿ ಹೇಳಿಕಳುಹಿಸಿದರು.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಶಾಲೆಯ ದಾರಿ ಹತ್ತಿರವಾಯಿತು. ಆ ದಾರಿಯನ್ನು ಒಂದು ಸಡಿಲ ನಟ್ಟು ಮುಚ್ಚಬಾರದು. ಇಂತಹ ನೋವನ್ನು ಹೇಳಲು ಮಕ್ಕಳು ನಾಚುತ್ತಾರೆ. ಆದುದರಿಂದ ತಾಯಂದಿರು ತಾವಾಗಿಯೇ ಕೇಳಬೇಕು. ತಂದೆಯಂದಿರು ಬೈಯುವುದಕ್ಕೆ ಮೊದಲು ಸೈಕಲ್ಲನ್ನೊಮ್ಮೆ ನೋಡಬೇಕು.