ಗುಪ್ತ ಗಿರಾಕಿಗಳು ಬೇಕಾಗಿದ್ದಾರೆ!

ಮಾರುವೇಷ ಧರಿಸಿ ಇರುಳಿನಲ್ಲಿ ನಗರವನ್ನು ಸುತ್ತಿ, ಪ್ರಜೆಗಳ ಸುಖದುಃಖವನ್ನೂ ಅಧಿಕಾರಿಗಳ ನಡೆನುಡಿಯನ್ನೂ ಕಣ್ಣಾರೆ ಕಂಡುಬರುತ್ತಿದ್ದ ಅರಸರ ಕಥೆಗಳನ್ನು ಬಾಲ್ಯದಲ್ಲಿ ಕೇಳದವರು ನಮ್ಮಲ್ಲಿ ವಿರಳ. ಕಥೆಯ ಮಾತು ಹಾಗಿರಲಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಿಯ ವೇಷದ, ಗೃಹಸ್ಥನ ವೇಷದ, ತಾಪಸನ ವೇಷದ ಗೂಢಪುರುಷರ ವಿಚಾರ ವಿಸ್ತಾರವಾಗಿಯೇ ಬಂದಿದೆ. ಅಮಾತ್ಯರ ಪ್ರಾಮಾಣಿಕತೆಯನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಪರೀಕ್ಷೆಗಳಿಂದ ಗುಟ್ಟಾಗಿ ಒರೆಗೆ ಹಚ್ಚಬೇಕೆಂದು ಆತ ವಿಧಿಸಿದ್ದಾನೆ. ತನ್ನ ಹೆಸರಿನಲ್ಲಿ ನಡೆಯುವ ಕೆಲಸ ತನ್ನ ಬೆನ್ನ ಹಿಂದೆ ಹೇಗೆ ನಡೆಯುತ್ತದೆಂದು ಅರಿಯುವ ಕುತೂಹಲ ಅರಸನಿಗೆ ಇದ್ದಂತೆ ಇಂದಿನ ದೊಡ್ಡ ವ್ಯಾಪಾರಸ್ಥನಿಗೂ ಇದೆ. ನೂರಾರು ಊರುಗಳಲ್ಲಿ ಮಳಿಗೆ ತೆರೆದವನು ಎಲ್ಲೆಡೆಗೂ ತಾನೇ ಹೋಗಿ ನೋಡಲಾರ. ಆದ್ದರಿಂದ ಸಾಮಾನ್ಯ ಗಿರಾಕಿಯಂತೆ ಹೋಗಿ ನೋಡಿಬರಲು ಆತ ಜನರನ್ನು ನೇಮಿಸುತ್ತಾನೆ. ಇದಕ್ಕೆ ಇಂಗ್ಲಿಷಿನವರು ‘ಮಿಸ್ಟರಿ ಶಾಪಿಂಗ್’ ಎನ್ನುತ್ತಾರೆ. ನಾವು ‘ಗುಪ್ತ ಗಿರಾಕಿತನ’ ಎನ್ನೋಣ.

ಕೆಲಸವೇನೋ ನಿಜವಾದದ್ದೇ. ಆದರೆ ಈ ಕೆಲಸದ ಹೆಸರು ಹೇಳಿಕೊಂಡು ಮನೆಮನೆಯ ಮೊಬೈಲಿಗೆ ಬಂದು ಬೀಳುವ ಇ-ಮೇಲುಗಳಲ್ಲಿ ಬಹುಪಾಲು ಖೋಟಾ. “ಮನೆಯಲ್ಲಿ ಕುಳಿತೇ ಗಳಿಸಿರಿ, ದಿನಕ್ಕೆ ಎರಡು ಗಂಟೆ ಸಾಕು, ಅನುಭವ ಬೇಡ” ಎಂಬ ಸವಿನುಡಿ ಜಮಖಂಡಿಯ ಪದವೀಧರನಿಗೂ ತಲುಪುತ್ತದೆ, ಮುಧೋಳದ ಗೃಹಿಣಿಗೂ ತಲುಪುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಬೀಳಗಿ ತಾಲೂಕಿನ ಮನೆಯ ಮಗನಿಗೂ, ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಪರೀಕ್ಷೆಗೆ ಓದುವ ಮಗಳಿಗೂ ತಲುಪುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಹಾಲಾವುದು, ಸುಣ್ಣದ ನೀರಾವುದು ಎಂದು ಗುರುತಿಸುವ ಬಗೆ ಹೇಗೆ? ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಿಜವಾದ ಕೆಲಸದ ಸ್ವರೂಪ

ಖೋಟಾ ನಾಣ್ಯವನ್ನು ಗುರುತಿಸಬೇಕಾದರೆ ಮೊದಲು ಸಾಚಾ ನಾಣ್ಯದ ಪರಿಚಯವಿರಬೇಕು. ನಿಜವಾದ ಗುಪ್ತ ಗಿರಾಕಿಗೆ ಕೆಲಸ ಕೊಡುವುದು ಸಾಮಾನ್ಯವಾಗಿ ಅಂಗಡಿಯಲ್ಲ, ಅಂಗಡಿಯ ಪರವಾಗಿ ಸಮೀಕ್ಷೆ ನಡೆಸುವ ಒಂದು ಕಂಪನಿ. ಅದರಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ಬಳಿಕ ಸ್ಪಷ್ಟವಾದ ಸೂಚನೆ ಬರುತ್ತದೆ: ಇಂಥ ಊರಿನ ಇಂಥ ಮಳಿಗೆಗೆ ಇಂಥ ದಿನ ಹೋಗಬೇಕು, ಬಾಗಿಲಲ್ಲಿ ಯಾರು ಮಾತನಾಡಿಸಿದರು, ಎಷ್ಟು ಹೊತ್ತು ಕಾಯಿಸಿದರು, ಬಿಲ್ಲು ಕೊಟ್ಟರೇ ಇಲ್ಲವೇ, ನೆಲ ಶುಚಿಯಾಗಿತ್ತೇ ಎಂಬುದನ್ನು ನೋಡಿ ಪ್ರಶ್ನಾವಳಿಗೆ ಉತ್ತರ ಬರೆದು ಕಳುಹಿಸಬೇಕು. ವರದಿ ಒಪ್ಪಿಗೆಯಾದ ಕೆಲವು ವಾರಗಳ ನಂತರ ಸಣ್ಣದೊಂದು ಸಂಭಾವನೆ ಬರುತ್ತದೆ. ಅದರಿಂದ ಸಂಸಾರ ಸಾಗದು, ಕೈಖರ್ಚಿಗಾದೀತು. ಅಲ್ಲದೆ ಇಂಥ ಕೆಲಸ ಹೆಚ್ಚಾಗಿ ದೊಡ್ಡ ಕಂಪನಿಗಳ ಮಳಿಗೆಗಳು ಸಾಲಾಗಿರುವ ನಗರಗಳಲ್ಲಿ ಸಿಗುವಂಥದು. ತಿಂಗಳಿಗೆ ಹತ್ತಾರು ಸಾವಿರ ರೂಪಾಯಿಗಳ ಗುಪ್ತ ಗಿರಾಕಿತನ ಬೀಳಗಿಯ ಪೇಟೆಯಲ್ಲಿಯೇ ಕಾದಿದೆ ಎಂದು ಯಾರಾದರೂ ಬರೆದರೆ, ಬರೆದವನು ಬೀಳಗಿಯನ್ನು ಕಂಡವನಲ್ಲವೆಂದು ತಿಳಿಯಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಜವಾದ ಕೆಲಸದಲ್ಲಿಯೂ ಗಿರಾಕಿ ಕೆಲವೊಮ್ಮೆ ತನ್ನ ಹಣದಿಂದ ಸಾಮಾನು ಕೊಳ್ಳಬೇಕಾಗುತ್ತದೆ. ಬಿಲ್ಲು ತೋರಿಸಿದ ಮೇಲೆ ಕಂಪನಿ ಅದನ್ನು ತುಂಬಿಕೊಡುತ್ತದೆ. ವಂಚಕರು ಹಿಡಿದುಕೊಂಡಿರುವುದು ಈ ಎಳೆಯನ್ನೇ. “ಮೊದಲು ನೀವು ಹಣ ಹಾಕಿರಿ, ಆಮೇಲೆ ಮರಳಿಸುತ್ತೇವೆ” ಎಂದು ಅವರೂ ಹೇಳುತ್ತಾರೆ. ಭೇದವೆಂದರೆ, ನಿಜವಾದ ಕೆಲಸದಲ್ಲಿ ಹಣ ಹೋಗುವುದು ಅಂಗಡಿಯ ಗಲ್ಲೆಗೆ; ಕೈಯಲ್ಲಿ ಸಾಮಾನೂ ರಸೀದಿಯೂ ಉಳಿಯುತ್ತವೆ; ಕಂಪನಿ ಹಣ ಕೊಡದೆ ಹೋದರೂ ಕೊಂಡ ಸಾಬೂನು ಮನೆಯಲ್ಲಿರುತ್ತದೆ. ಖೋಟಾ ಕೆಲಸದಲ್ಲಿ ಹಣ ಹೋಗುವುದು ಮುಖಪರಿಚಯವಿಲ್ಲದ ಯಾರದೋ ಖಾತೆಗೆ. ಕೈಯಲ್ಲಿ ಉಳಿಯುವುದು ಒಂದು ಭರವಸೆ ಮಾತ್ರ.

ಹಣ ಹರಿಯುವ ದಿಕ್ಕು

ಈ ಭೇದವನ್ನು ಅರಿಯಲು ದೊಡ್ಡ ವಿದ್ಯೆ ಬೇಕಿಲ್ಲ; ನಮ್ಮ ಸೀಮೆಯ ದುಡಿಮೆಯ ರೀತಿಯನ್ನು ನೆನೆದರೆ ಸಾಕು. ರಬಕವಿ-ಬನಹಟ್ಟಿಯಲ್ಲಿ ಮಜೂರಿಗೆ ನೇಯುವವನಿಗೆ ಮಾಲಕನೇ ನೂಲು ಕೊಡುತ್ತಾನೆ. ನೇಕಾರ ಸೀರೆ ನೇಯ್ದು ಒಪ್ಪಿಸಿ ಮಜೂರಿ ಪಡೆಯುತ್ತಾನೆ. ಮುಧೋಳ, ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ಹಂಗಾಮು ಆರಂಭವಾಗುವ ಮುನ್ನವೇ ಕಬ್ಬು ಕಡಿಯುವ ಗ್ಯಾಂಗುಗಳಿಗೆ ಮುಂಗಡ ಕೊಟ್ಟು ಗೊತ್ತುಪಡಿಸಿಕೊಳ್ಳುತ್ತಾರೆ. ಮುಧೋಳವೆಂದೊಡನೆ ನೆನಪಾಗುವ ಕವಿ ರನ್ನ ಬಳೆಗಾರರ ಕುಲದವನು. ಬಳೆಗಾರನಾದರೂ ಮೊದಲು ಕೈಗೆ ಬಳೆ ತೊಡಿಸುತ್ತಾನೆ, ಆಮೇಲೆ ಹಣ ಕೇಳುತ್ತಾನೆ. ದುಡಿಯುವವನೇ ಧಣಿಗೆ ಮುಂಗಡ ಕೊಟ್ಟು ದುಡಿಮೆಗೆ ಹೋಗುವ ಪದ್ಧತಿಯನ್ನು ಈ ನಾಲ್ಕು ತಾಲೂಕುಗಳಲ್ಲಿ ಯಾರೂ ಕಂಡಿಲ್ಲ.

ಕೂಲಿಯೆಂಬುದು ಕೆಲಸ ಕೊಡುವವನಿಂದ ಕೆಲಸ ಮಾಡುವವನ ಕಡೆಗೆ ಹರಿಯುವ ಹಣ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ, ಗುರುತಿನ ಚೀಟಿಯ ವೆಚ್ಚ, ಜಿ.ಎಸ್.ಟಿ. ಹೀಗೆ ಹೆಸರು ಯಾವುದೇ ಇರಲಿ, ಹಣದ ಹರಿವು ಹಿಮ್ಮುಖವಾಗಿದ್ದರೆ ಅದು ಕೆಲಸವಲ್ಲ. ಮಿಕ್ಕ ಪರೀಕ್ಷೆಗಳೆಲ್ಲ ಈ ಒಂದು ಪರೀಕ್ಷೆಯ ನಂತರದವು.

ಪತ್ರವನ್ನು ಓದುವ ಬಗೆ

ಕೆಲವು ತಿಂಗಳ ಹಿಂದೆ, ನೇಕಾರರ ಮನೆತನದಿಂದ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಮೊಬೈಲು ಹಿಡಿದು ನಿಂತಳು. “ಸರ್, ಇದು ಖರೇ ಐತೇನ್ರಿ? ಸಾವಿರದಾ ಎಂಟ್ನೂರು ರೂಪಾಯಿ ತುಂಬಂತಾರ. ಅವ್ವ ಸಂಘದಾಗ ಸಾಲ ಕೇಳ್ಯಾಳ್ರಿ” ಎಂದಳು. ಗುಪ್ತ ಗಿರಾಕಿಯ ಕೆಲಸಕ್ಕೆ ಆಕೆ ಆಯ್ಕೆಯಾಗಿರುವಳೆಂದು ಅದರಲ್ಲಿ ಬರೆದಿತ್ತು. “ಕೂಡವಾ, ಹಳಗನ್ನಡ ಪದ್ಯ ಓದಿದಂಗ ಇದನ್ನೂ ಬಿಡಿಸಿ ಓದೂಣು” ಎಂದೆ. ಬರೆದವರು ಯಾರು, ಯಾರಿಗೆ ಬರೆದರು, ಏನು ಕೇಳಿದರು, ಏಕೆ ಅವಸರಪಡಿಸಿದರು ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಂಡು ಇಬ್ಬರೂ ಓದಿದೆವು. ವಾಚಕರೂ ಯಾವ ಪತ್ರವನ್ನಾದರೂ ಹೀಗೆಯೇ ಓದಬಹುದು.

ಬರೆದವರು ಯಾರು? ಕಂಪನಿಯ ಹೆಸರು ದೊಡ್ಡದಾಗಿ ಅಚ್ಚಾಗಿರುತ್ತದೆ, ಲಾಂಛನವೂ ಇರುತ್ತದೆ. ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದು. ನೋಡಬೇಕಾದದ್ದು ಕಳುಹಿಸಿದವರ ವಿಳಾಸವನ್ನು. ದೊಡ್ಡ ಕಂಪನಿಯ ಪತ್ರ ಜಿಮೇಲಿನಂಥ ಬಿಟ್ಟಿ ವಿಳಾಸದಿಂದ ಬಂದಿದ್ದರೆ, ಇಲ್ಲವೆ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿದ್ದರೆ ಅಲ್ಲಿಯೇ ನಿಲ್ಲಿರಿ. ಕಂಪನಿ ನಿಜವಾಗಿಯೂ ಇದೆಯೆಂಬುದು ಪತ್ರ ನಿಜವೆಂಬುದಕ್ಕೆ ಸಾಕ್ಷಿಯಲ್ಲ. ಸಾಚಾ ಕಂಪನಿಯ ಹೆಸರನ್ನೇ ವಂಚಕರು ಹೊದೆದುಕೊಂಡಿರುತ್ತಾರೆ. ಗುಪ್ತ ಗಿರಾಕಿ ಸಂಸ್ಥೆಗಳಿಗೆ ಎಂ.ಎಸ್.ಪಿ.ಎ. ಎಂಬ ಅಂತರರಾಷ್ಟ್ರೀಯ ಸಂಘವಿದೆ. ಅದು ತಾನಾಗಿ ಗಿರಾಕಿಗಳನ್ನು ನೇಮಿಸುವುದಿಲ್ಲ. ಆದರೂ ಅದರ ಹೆಸರಿನಲ್ಲಿಯೇ ನೇಮಕದ ಪತ್ರಗಳು ಬರುವುದುಂಟು.

ಯಾರಿಗೆ ಬರೆದರು? ಅರ್ಜಿ ಹಾಕದ ಕೆಲಸಕ್ಕೆ ಆಯ್ಕೆಯಾಗುವುದು ಕಥೆಗಳಲ್ಲಿ ಮಾತ್ರ. ಆನೆ ಮಾಲೆ ಹಾಕಿ ಅರಸನನ್ನು ಆರಿಸುವ ಕಾಲ ಇದಲ್ಲ. “ಪ್ರಿಯ ಅಭ್ಯರ್ಥಿಯೇ” ಎಂದು ಹೆಸರಿಲ್ಲದೆ ಸಂಬೋಧಿಸಿದ ಪತ್ರ ಸಾವಿರಾರು ಮಂದಿಗೆ ಹೋಗಿರುತ್ತದೆ.

ಏನು ಕೇಳಿದರು? ಹಣದ ಮಾತು ಆಗಲೇ ಆಯಿತು. ಆಧಾರ್, ಪ್ಯಾನ್ ಪ್ರತಿಗಳನ್ನು ಮೊದಲ ಪತ್ರದಲ್ಲಿಯೇ ಕೇಳಿದರೆ ಕೊಡತಕ್ಕದ್ದಲ್ಲ. ಓ.ಟಿ.ಪಿ.ಯನ್ನಂತೂ ಯಾರಿಗೂ ಹೇಳಬಾರದು. “ನಿಮಗೆ ಹಣ ಬರಬೇಕಾದರೆ ಪಿನ್ ಒತ್ತಿರಿ” ಎಂದರೆ ಅದು ಶುದ್ಧ ಸುಳ್ಳು, ಯು.ಪಿ.ಐ.ನಲ್ಲಿ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಏಕೆ ಅವಸರ? “ಇಂದು ಸಂಜೆಯೊಳಗೆ ತುಂಬಿರಿ, ಸ್ಥಾನಗಳು ಮೂರೇ ಉಳಿದಿವೆ” ಎಂಬುದು ಮನೆಯ ಹಿರಿಯರನ್ನು ಕೇಳಲು ನಮಗೆ ಸಮಯ ಸಿಗದಿರಲೆಂದು ಹೂಡುವ ಉಪಾಯ. ಪತ್ರದಲ್ಲಿ ಕೊಟ್ಟ ದೂರವಾಣಿಗೆ ಕರೆ ಮಾಡಿ ವಿಚಾರಿಸುವುದು ಕಳ್ಳನನ್ನೇ ಸಾಕ್ಷಿ ಕೇಳಿದಂತೆ. ಕಂಪನಿಯ ಜಾಲತಾಣವನ್ನು ಬೇರೆಯಾಗಿ ಹುಡುಕಿ ತೆಗೆದು, ಅಲ್ಲಿರುವ ಸಂಖ್ಯೆಗೆ ಕೇಳಬೇಕು.

ನಾಲ್ಕೂ ಪ್ರಶ್ನೆಗಳಲ್ಲಿ ಆ ಪತ್ರ ಅನುತ್ತೀರ್ಣವಾಯಿತು. ಹುಡುಗಿ ಹಣ ತುಂಬಲಿಲ್ಲ.

ಪರದೇಶದ ಚೆಕ್ಕು, ನಮ್ಮ ದೇಶದ ಟಾಸ್ಕು

ಈ ವಂಚನೆಗೆ ದೇಶಕ್ಕೊಂದು ವೇಷ. ಅಮೆರಿಕದಲ್ಲಿ ಓದುವ, ದುಡಿಯುವ ಮಕ್ಕಳಿರುವ ಕುಟುಂಬಗಳು ಅಲ್ಲಿಯ ರೀತಿಯನ್ನು ತಿಳಿದಿರುವುದು ಲೇಸು. ಅಲ್ಲಿ ಗುಪ್ತ ಗಿರಾಕಿಗೆ ಅಂಚೆಯಲ್ಲಿ ದೊಡ್ಡ ಮೊತ್ತದ ಚೆಕ್ಕೊಂದು ಬರುತ್ತದೆ. “ಇದನ್ನು ನಿಮ್ಮ ಖಾತೆಗೆ ಹಾಕಿ, ನಿಮ್ಮ ಸಂಭಾವನೆಯನ್ನು ಇಟ್ಟುಕೊಂಡು, ಉಳಿದ ಹಣದಿಂದ ಗಿಫ್ಟ್ ಕಾರ್ಡು ಕೊಂಡು ಅದರ ಸಂಖ್ಯೆಗಳನ್ನು ನಮಗೆ ಕಳುಹಿಸಿರಿ, ಆ ಅಂಗಡಿಯ ಸೇವೆ ಹೇಗಿತ್ತೆಂದು ವರದಿ ಬರೆಯಿರಿ” ಎಂದು ಸೂಚನೆ. ಚೆಕ್ಕಿನ ಹಣವನ್ನು ಬೇಗನೆ ಬಳಕೆಗೆ ಬಿಡಬೇಕೆಂಬುದು ಅಲ್ಲಿಯ ಬ್ಯಾಂಕುಗಳಿಗಿರುವ ಕಾನೂನು. ಆದರೆ ಚೆಕ್ಕು ಖೋಟಾ ಎಂದು ಬಯಲಾಗಲು ವಾರಗಳೇ ಹಿಡಿಯಬಹುದು. ಬಯಲಾದ ದಿನ ಬ್ಯಾಂಕು ಪೂರ್ತಿ ಮೊತ್ತವನ್ನು ಖಾತೆದಾರನಿಂದಲೇ ವಸೂಲು ಮಾಡುತ್ತದೆ.

ನಮ್ಮ ದೇಶದಲ್ಲಿ ಚೆಕ್ಕಿನ ಸ್ಥಾನವನ್ನು ‘ಟಾಸ್ಕು’ ಆಕ್ರಮಿಸಿದೆ. ಇ-ಮೇಲಿನಿಂದ ಆರಂಭವಾದ ಮಾತು ಬೇಗನೆ ವಾಟ್ಸ್ಯಾಪಿಗೋ ಟೆಲಿಗ್ರಾಮಿಗೋ ಸಾಗುತ್ತದೆ. ಒಂದು ಹೋಟೆಲಿಗೆ ಅಥವಾ ಸಾಮಾನಿಗೆ ಒಳ್ಳೆಯ ಅಭಿಪ್ರಾಯ ಬರೆಯುವುದೇ ಕೆಲಸ. ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಇದು ಗಾಳಕ್ಕೆ ಸಿಕ್ಕಿಸಿದ ಎರೆ. ಎರಡನೆಯ ದಿನ, ಸಾವಿರ ಹಾಕಿದರೆ ಸಾವಿರದ ಮುನ್ನೂರು ಮರಳುತ್ತದೆ. ಮುಂದೆ ಮೊತ್ತ ಬೆಳೆಯುತ್ತದೆ. ಮೊಬೈಲಿನ ಪರದೆಯ ಮೇಲೆ ಲಾಭದ ಅಂಕಿಯೂ ಬೆಳೆಯುತ್ತದೆ. ಅದೇ ಗುಂಪಿನಲ್ಲಿ “ನನಗೆ ಹಣ ಬಂತು” ಎಂದು ಬರೆಯುವವರೆಲ್ಲ ನಾಟಕ ಮಂಡಳಿಯ ಪಾತ್ರಧಾರಿಗಳು. ಹಣವನ್ನು ಬಿಡಿಸಿಕೊಳ್ಳಹೋದಾಗ ತೆರಿಗೆ ಕಟ್ಟಿರೆಂದು, ಇನ್ನೊಂದು ಟಾಸ್ಕು ಮುಗಿಸಿರೆಂದು ಮತ್ತೆ ಕೇಳುತ್ತಾರೆ. ಹೋದ ಹಣವನ್ನು ಪಡೆಯುವ ಆಸೆಯಿಂದ ಇದ್ದ ಹಣವೂ ಹೋಗುತ್ತದೆ.

ಇದು ಒಬ್ಬಿಬ್ಬರ ಕೈಚಳಕವಲ್ಲ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇಂಥ ಅರೆಕಾಲಿಕ ಉದ್ಯೋಗದ ಹಾಗೂ ಹೂಡಿಕೆಯ ವಂಚನೆ ನಡೆಸುತ್ತಿದ್ದ 100ಕ್ಕೂ ಹೆಚ್ಚು ಜಾಲತಾಣಗಳನ್ನು ತಡೆಹಿಡಿಯಿತು. ಅವುಗಳ ಸೂತ್ರಧಾರರು ಹೊರದೇಶಗಳಲ್ಲಿದ್ದು, ಇಲ್ಲಿಯ ಬಾಡಿಗೆ ಖಾತೆಗಳ ಮೂಲಕ ಹಣ ಸಾಗಿಸುತ್ತಿದ್ದರೆಂದು ಆಗ ಸರಕಾರ ತಿಳಿಸಿತು. ಬಾಡಿಗೆ ಖಾತೆಯೆಂಬ ಮಾತನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕು. “ನಿನ್ನ ಬ್ಯಾಂಕು ಖಾತೆಯನ್ನು ಬಳಸಲು ಕೊಡು, ಕಮಿಶನ್ ಕೊಡುತ್ತೇವೆ” ಎಂದು ಕಾಲೇಜಿನ ಹುಡುಗರನ್ನು ಕೇಳುವವರಿದ್ದಾರೆ. ಹುಡುಗ ಯಾರನ್ನೂ ವಂಚಿಸಿರುವುದಿಲ್ಲ. ಆದರೆ ಕದ್ದ ಹಣ ಅವನ ಖಾತೆಯಲ್ಲಿ ಹಾದುಹೋದ ಮೇಲೆ ಖಾತೆಗೆ ಬೀಗ ಬೀಳುತ್ತದೆ, ಪೊಲೀಸರು ಮೊದಲು ಬರುವುದೂ ಅವನ ಬಾಗಿಲಿಗೇ.

ಹಣ ಹೋದ ಮೇಲೆ

ಎಚ್ಚರ ತಪ್ಪಿ ಹಣ ಹೋಗಿಯೇ ಬಿಟ್ಟರೆ ಆಗ ಮುಖ್ಯವಾದದ್ದು ವೇಳೆ. 1930 ಎಂಬುದು ಇದಕ್ಕಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮಗುದೊಂದಕ್ಕೆ ಜಾರುತ್ತ ಹೋಗುತ್ತದೆ; ಮೊದಲ ಗಂಟೆಗಳಲ್ಲಿಯೇ ತಿಳಿಸಿದರೆ ಮಧ್ಯದಲ್ಲಿ ಎಲ್ಲಿಯಾದರೂ ತಡೆಯುವ ಸಾಧ್ಯತೆ ಇರುತ್ತದೆ. ಜೊತೆಗೆ ತಮ್ಮ ಬ್ಯಾಂಕಿಗೂ ತಿಳಿಸಬೇಕು. ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ದೂರು ದಾಖಲಿಸಬೇಕು. ಹತ್ತಿರದ ಪೊಲೀಸ್ ಠಾಣೆಗೂ, ಬಾಗಲಕೋಟೆಯಲ್ಲಿರುವ ಸೈಬರ್ ಅಪರಾಧಗಳ ಸಿ.ಇ.ಎನ್. ಠಾಣೆಗೂ ಹೋಗಬಹುದು. ಪತ್ರ, ಸಂದೇಶ, ಹಣ ಕಳುಹಿಸಿದ ವಿವರ ಯಾವುದನ್ನೂ ಅಳಿಸಬಾರದು, ಅವೇ ಸಾಕ್ಷ್ಯ. ಗಣಕಯಂತ್ರದ ಮೂಲಕ ಸೋಗು ಹಾಕಿ ವಂಚಿಸಿದವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸವೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. “ಹೋದ ಹಣವನ್ನು ಕೊಡಿಸುತ್ತೇವೆ, ಇಷ್ಟು ಶುಲ್ಕ ಕೊಡಿರಿ” ಎಂದು ತಾನಾಗಿಯೇ ಕರೆಮಾಡುವ ಉಪಕಾರಿಯನ್ನು ನಂಬಬೇಡಿರಿ. ಆತ ಮೊದಲಿನವನ ಒಡಹುಟ್ಟಿದವನೇ.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಹಣ ಕಳೆದುಕೊಂಡವರನ್ನು ಕಂಡೊಡನೆ “ಅತಿ ಆಸೆ ಗತಿ ಕೇಡು” ಎಂದುಬಿಡುವುದು ನಮ್ಮ ರೂಢಿ. ಈ ಪತ್ರಗಳನ್ನು ನಂಬುವವರಲ್ಲಿ ಅನೇಕರದು ಅತಿ ಆಸೆಯಲ್ಲ. ಪರೀಕ್ಷೆಯ ಶುಲ್ಕಕ್ಕೆ, ಮಗುವಿನ ಔಷಧಕ್ಕೆ, ಸಂಘದ ಕಂತಿಗೆ ನಾಲ್ಕು ಕಾಸು ದುಡಿಯಬೇಕೆಂಬ ಮಿತವಾದ ಆಸೆ. ಬೈಗುಳಕ್ಕೆ ಹೆದರಿದ ಸೊಸೆಯೋ ಮಗನೋ ಸಂಗತಿಯನ್ನು ಮುಚ್ಚಿಟ್ಟಷ್ಟು ದಿನವೂ ವಂಚಕನಿಗೇ ಲಾಭ. ಆದುದರಿಂದ ಮನೆಯಲ್ಲಿ ಇಂಥ ಪತ್ರ ಬಂದರೆ ಎಲ್ಲರೂ ಕೂಡಿ ಓದಿರಿ. ಹಣ ಹೋಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿರಿ, ಬುದ್ಧಿಮಾತು ಆಮೇಲಿರಲಿ.