ದಡದಲ್ಲಿ ಕೂತವರಿಗೂ ಈಜು ಬೇಕು

ಈ ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳದ್ದು ಒಂದೇ ಹಠ, "ಸ್ವಿಮ್ಮಿಂಗ್ ಪೂಲ್ ಇರುವಲ್ಲಿಗೆ ಹೋಗುವ." ಉಳ್ಳಾಲದಲ್ಲಿ ಕಡಲಿನ ಸದ್ದು ಕೇಳಿಕೊಂಡೇ ಮಲಗುವ ಮಕ್ಕಳಿಗೆ ನೀಲಿ ಟೈಲ್ಸಿನ ಮೇಲಿನ ನೀರೆಂದರೆ ಅಷ್ಟು ಆಸೆ! ಕಡಲ ಬದಿಯ ಎರಡು ಮೂರು ರೆಸಾರ್ಟುಗಳಿಗೆ ಫೋನ್ ಮಾಡಿ ದರ ಕೇಳಿದೆವು. ಹತ್ತು ಮಂದಿಗೆ ಲೆಕ್ಕ ಹಾಕಿದಾಗ ಮನೆಯ ಗಂಡಸರು ಕ್ಯಾಲ್ಕುಲೇಟರ್ ಮಡಚಿ ಇಟ್ಟರು. ಅಷ್ಟರಲ್ಲಿ ನ್ಯಾಮತಿಯಲ್ಲಿರುವ ತಂಗಿಯ ಫೋನ್ ಬಂತು. "ಇಲ್ಲಿಗೇ ಬನ್ನಿ. ಊರ ಹೊರಗೆ ತೋಟದ ನಡುವೆ ಒಂದು ಸಣ್ಣ ರೆಸಾರ್ಟ್ ಆಗಿದೆ. ಪೂಲ್ ಇದೆ, ರೇಟೂ ಕಡಿಮೆ. ಫ್ಯಾಮಿಲಿಯವರೇ ಬರುವುದು."

ಅಡಿಕೆ, ಮೀನು, ಬೇಕರಿ ಎಂದು ಘಟ್ಟ ಹತ್ತಿ ಅಲ್ಲೇ ನೆಲೆ ನಿಂತ ಬ್ಯಾರಿ ಕುಟುಂಬಗಳು ಶಿವಮೊಗ್ಗ, ಚಿಕ್ಕಮಗಳೂರು ಕಡೆ ಬೇಕಾದಷ್ಟಿವೆ. ತಂಗಿಯ ಗಂಡನದ್ದೂ ಅಡಿಕೆ ವ್ಯಾಪಾರ. ಹಾಗಾಗಿ ನೆಂಟರ ಮನೆಗೆ ಹೋದ ಹಾಗೂ ಆಯಿತು, ಮಕ್ಕಳ ಆಸೆ ತೀರಿಸಿದ ಹಾಗೂ ಆಯಿತು ಎಂದು ಎರಡು ಕಾರಿನಲ್ಲಿ ಹೊರಟೆವು. ನೈಪತ್ತಿರ್, ಕೋಳಿ ಸುಕ್ಕ ಕಟ್ಟಿಕೊಂಡದ್ದೂ ಆಯಿತು. ಆಗುಂಬೆಯ 14 ತಿರುವು ಹತ್ತುವಾಗ ಇಬ್ಬರು ಮಕ್ಕಳು ವಾಂತಿ ಮಾಡಿದರು. ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಸವಳಂಗದ ದಾರಿ ಹಿಡಿದ ಮೇಲೆ ಕಾಡು ಮುಗಿದು ಬಯಲು ತೆರೆಯಿತು. ಮೆಕ್ಕೆಜೋಳದ ಹೊಲಗಳು, ನಡುನಡುವೆ ಅಡಿಕೆ ತೋಟ, ಸವಳಂಗದ ದೊಡ್ಡ ಕೆರೆ. ನ್ಯಾಮತಿ ಕೆಲವು ವರ್ಷಗಳ ಹಿಂದಷ್ಟೇ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದ ಊರು. ಹತ್ತಿರದಲ್ಲೇ ಬಂಜಾರ ಸಮುದಾಯದ ಸಂತ ಸೇವಾಲಾಲರ ಸೂರಗೊಂಡನಕೊಪ್ಪ, ತೀರ್ಥರಾಮೇಶ್ವರದ ಬೆಟ್ಟ. ಇದನ್ನೆಲ್ಲ ತಂಗಿ ಹೇಳುತ್ತಿದ್ದರೆ ಮಕ್ಕಳ ಪ್ರಶ್ನೆ ಒಂದೇ, "ಪೂಲ್ ಎಷ್ಟು ಹೊತ್ತಿಗೆ ಬರ್ತದೆ?"

ರೆಸಾರ್ಟಿನ ಬಗ್ಗೆ ದೂರು ಹೇಳುವಂಥದ್ದು ಏನೂ ಇರಲಿಲ್ಲ. ನಾಲ್ಕು ಕೋಣೆ, ಒಂದು ಹಜಾರ, ತೋಟದೊಳಗೆ ಜೋಕಾಲಿ. ಯಜಮಾನರು, "ಬರ್ರಿ, ಬರ್ರಿ, ನೀರು ಬಿಸಿಲಿಗೆ ಬೆಚ್ಚಗಾಗೈತಿ" ಎಂದು ನಗುತ್ತಾ ಕರೆದರು. ಅವರ ಅಡಿಗೆಮನೆ ಪೂರ್ತಿ ಸಸ್ಯಾಹಾರಿ. ರೊಟ್ಟಿ, ಪಲ್ಯ, ಅನ್ನ, ಸಾರು. ನಮ್ಮ ಬುತ್ತಿ ನಾವೇ ಬಿಚ್ಚಿಕೊಳ್ಳಲು ಅಭ್ಯಂತರ ಇರಲಿಲ್ಲ. ನಮಾಝಿಗೆ ಎಂದಾಗ ಹಜಾರ ಗುಡಿಸಿಕೊಟ್ಟರು. ತಂಗಿಯ ಮನೆಯವರೂ ಸೇರಿ ನಾವು ಹದಿಮೂರು ಮಂದಿ. ಒಂದು ರಾತ್ರಿಗೆ ಆದ ಖರ್ಚು ಕಡಲ ಬದಿಯಲ್ಲಿ ಕೇಳಿದ ದರದ ಅರ್ಧಕ್ಕೂ ಬರಲಿಲ್ಲ.

ಪೂಲಿನ ಪಕ್ಕ ಗೋಡೆಗೆ ಒಂದು ಬೋರ್ಡ್ ಇತ್ತು. ಕಾಟನ್ ಬಟ್ಟೆ ಬೇಡ, ನೈಲಾನ್ ಮಾತ್ರ. ತಿಂಡಿ ತರಬೇಡಿ. ಮದ್ಯ ನಿಷೇಧ. ಇಳಿಯುವ ಮೊದಲು ಸ್ನಾನ ಮಾಡಿ. ಎಲ್ಲವೂ ಒಳ್ಳೆಯ ಮಾತೇ. ನೀರು ಎಲ್ಲಿ ಎಷ್ಟು ಆಳ ಎಂಬುದೊಂದು ಅದರಲ್ಲಿ ಇರಲಿಲ್ಲ. ನಾವೂ ಕೇಳಲಿಲ್ಲ.

ಅಸರಿನ ಹೊತ್ತು

ಗಂಡಸರು, ಮಕ್ಕಳು ನೀರಿಗೆ ಇಳಿದರು. ನಾವು ಹೆಂಗಸರು ಎಂದಿನಂತೆ ದಡದಲ್ಲಿ ಕೂತೆವು. ಕೈಯಲ್ಲಿ ಟವೆಲು, ಬಿಸ್ಕತ್ತು, ಮಕ್ಕಳ ಒಣ ಬಟ್ಟೆ, ಗಂಡಸರ ಮೊಬೈಲು. ಯಾವ ರೆಸಾರ್ಟಿಗೆ ಹೋದರೂ ನಮ್ಮ ಮನೆಗಳಲ್ಲಿ ಇದೇ ಚಿತ್ರ. ಇಳಿಯಬೇಕೆಂದು ಆಸೆ ಇರುವುದಿಲ್ಲ ಎಂದಲ್ಲ. ಗಂಡಸರ ನಡುವೆ ಇಳಿಯಲು ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕೆಂದೂ ಇಲ್ಲ.

ಅಸರಿನ ಹೊತ್ತಾಯಿತು. "ನಮಾಝ್ ಮಾಡಿ ಬರುತ್ತೇವೆ, ಮಕ್ಕಳನ್ನು ಸ್ವಲ್ಪ ನೋಡಿಕೊಳ್ಳಿ" ಎಂದು ಗಂಡಸರು ಮೇಲೆ ಹೋದರು. ಅಲ್ಲಿಂದ ಆ ಆರು ಮಕ್ಕಳ ಕಾವಲು ನಮ್ಮದು. ದಡದಲ್ಲಿ ಕೂತ ನಾಲ್ವರು ಹೆಂಗಸರಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ ಎಂಬುದು ಆಗ ನಮಗೆ ಹೊಳೆಯಲೇ ಇಲ್ಲ.

ತಂಗಿಯ ಮಗಳಿಗೆ ಏಳು ವರ್ಷ. ಚೆಂಡು ತೇಲಿ ಆಚೆ ಹೋಯಿತೆಂದು ಅದರ ಹಿಂದೆಯೇ ನಡೆದಳು. ಪೂಲಿನ ಈಚೆ ತುದಿಯಲ್ಲಿ ಮೂರು ಅಡಿ ನೀರು, ಆಚೆ ತುದಿಯಲ್ಲಿ ಐದೂವರೆ ಅಡಿ. ನಡುವೆ ಅಡಿಭಾಗ ಇಳಿಜಾರು. ಒಂದೇ ನೀಲಿ ಬಣ್ಣದ ಟೈಲ್ಸ್ ಆದ್ದರಿಂದ ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾವು ಬಿಸ್ಕತ್ತಿನ ಪ್ಯಾಕೆಟ್ ಒಡೆಯುತ್ತಿದ್ದೆವು.

ಉಮ್ಮ ಒಮ್ಮೆಲೇ ಎದ್ದು ನಿಂತು, "ಕುಞ್ಞಿ ಎಲ್ಲಿ?" ಎಂದರು.

ಕಿರುಚಾಟ ಇಲ್ಲ, ಕೈ ಬಡಿದ ಸದ್ದಿಲ್ಲ. ನೀರಿನ ಮೇಲೆ ಕೂದಲು ಮಾತ್ರ ಹರಡಿಕೊಂಡಿತ್ತು. ಅವಳಿಂದ ನಾಲ್ಕು ಅಡಿ ದೂರದಲ್ಲಿ ಉಳಿದ ಮಕ್ಕಳು ಆಡುತ್ತಲೇ ಇದ್ದರು. ತಂಗಿ ಕೂಗಿಕೊಂಡು ಬುರ್ಖಾದಲ್ಲೇ ನೀರಿಗೆ ಇಳಿದಳು. ತಮ್ಮನ ಹೆಂಡತಿ ಅವಳ ತೋಳು ಬಿಗಿ ಹಿಡಿದುಕೊಂಡಳು. ಅವಳು ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲೂ ಭಯವಾಗುತ್ತದೆ. ನಮ್ಮ ಕೂಗು ಕೇಳಿ, ಪಕ್ಕದಲ್ಲಿ ಅಡಿಕೆ ಸಸಿಗಳಿಗೆ ನೀರು ಬಿಡುತ್ತಿದ್ದ ಕೆಲಸದ ಹುಡುಗ ಪೈಪು ಎಸೆದು ಓಡಿ ಬಂದು ಹಾರಿದ. ಮಗುವನ್ನು ಎತ್ತಿ ದಡಕ್ಕೆ ಹಾಕಿದ. ಅವಳು ಕೆಮ್ಮಿದಳು, ನೀರು ಕಾರಿದಳು, ಆಮೇಲೆ ಅತ್ತಳು. ಆ ಅಳು ಕೇಳಿದ ಮೇಲೆಯೇ ನಮಗೆಲ್ಲ ಉಸಿರು ಬಂದದ್ದು. ಅಲ್‌ಹಮ್ದುಲಿಲ್ಲಾಹ್.

"ನಾವು ಹೊನ್ನಾಳಿ ಹೊಳಿಯಾಗ ಈಜಿ ಬೆಳದೋರು ಅಕ್ಕಾ, ಏನೂ ಆಗಂಗಿಲ್ಲ, ಅಳಬ್ಯಾಡ್ರಿ" ಎಂದು ಆ ಹುಡುಗ ನಮಗೇ ಧೈರ್ಯ ಹೇಳಿದ. ಮಗುವನ್ನು ಕೂಡಲೇ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ನೀರು ಕುಡಿದ ಮಗು ಎದ್ದು ಓಡಾಡಿದರೂ ಒಮ್ಮೆ ತೋರಿಸಲೇಬೇಕು, ಮುಂದಿನ ಕೆಲವು ಗಂಟೆ ಕೆಮ್ಮು, ಏದುಸಿರು, ವಿಪರೀತ ಮಂಪರು ಕಂಡರೆ ಮತ್ತೆ ಕರೆತನ್ನಿ ಎಂದು ಅವರು ಹೇಳಿದರು. ಆ ರಾತ್ರಿ ತಂಗಿ ಮಲಗಲಿಲ್ಲ. ನಾವೂ ಮಲಗಲಿಲ್ಲ.

ಉಚ್ಚಿಲದ ಆ ಭಾನುವಾರ

ರಾತ್ರಿ ಎಲ್ಲರ ಬಾಯಲ್ಲೂ ಬಂದದ್ದು ನಮ್ಮ ಊರಿನದೇ ಸುದ್ದಿ. 2024ರ ನವೆಂಬರ್ 17, ಭಾನುವಾರ. ಉಳ್ಳಾಲ ಸಮೀಪದ ಸೋಮೇಶ್ವರ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ, ರಜೆ ಕಳೆಯಲು ಬಂದಿದ್ದ ಮೈಸೂರಿನ ಮೂವರು ಯುವತಿಯರು ತೀರಿಕೊಂಡರು. ಮೂವರೂ ಇಪ್ಪತ್ತರ ಆಸುಪಾಸಿನ ಇಂಜಿನಿಯರಿಂಗ್ ವಿದ್ಯಾರ್ಥಿನಿಯರು. ಯಾರಿಗೂ ಈಜು ಬರುತ್ತಿರಲಿಲ್ಲ. ಒಬ್ಬಳು ಆಳಕ್ಕೆ ಹೋದಾಗ ಅವಳನ್ನು ಹಿಡಿಯಲು ಇನ್ನೊಬ್ಬಳು, ಅವಳನ್ನು ಹಿಡಿಯಲು ಮತ್ತೊಬ್ಬಳು. ಪೂಲಿನ ಒಂದು ಬದಿಯಲ್ಲಿ ಸುಮಾರು ಆರು ಅಡಿ ನೀರಿತ್ತು. ನೋಡಿಕೊಳ್ಳಲು ಜೀವರಕ್ಷಕರು ಇರಲಿಲ್ಲ. ಕಡಲಿನ ಅಲೆಯಲ್ಲ, ಹೊಳೆಯ ಸುಳಿಯಲ್ಲ, ನಾಲ್ಕು ಗೋಡೆಯ ನಡುವಿನ ನಿಂತ ನೀರು. ಆಗ ಎಲ್ಲರೂ "ಪಾಪ" ಎಂದಿದ್ದೆವು. ಪತ್ರಿಕೆ ಮಡಚಿ ಇಟ್ಟಿದ್ದೆವು. ಮುಂದಿನ ರಜೆಗೆ ಪೂಲ್ ಇರುವ ರೆಸಾರ್ಟ್ ಹುಡುಕುವಾಗ ನಮಗೆ ಅದು ನೆನಪಾಗಲಿಲ್ಲ.

ಜಗತ್ತಿನಲ್ಲಿ 2021ರ ಒಂದೇ ವರ್ಷ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಪುಟ್ಟ ಮಕ್ಕಳ ಪಾಲು ದೊಡ್ಡದು. ಮುಳುಗುವವರು ಸಿನಿಮಾದಲ್ಲಿ ಕಾಣುವಂತೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನಲ್ಲಿರುವಾಗ ಕೂಗುವುದಾದರೂ ಹೇಗೆ? ಉಸಿರು ಎಳೆದುಕೊಳ್ಳಲೇ ಸಾಲುವುದಿಲ್ಲ. ಸಣ್ಣ ಮಗು ಒಂದು ನಿಮಿಷದೊಳಗೆ, ಪಕ್ಕದವರಿಗೂ ಗೊತ್ತಾಗದಂತೆ ಕೆಳಗೆ ಹೋಗಬಹುದು.

ಉಮ್ಮ ಹೇಳಿದ್ದು

ಬೆಳಿಗ್ಗೆ ಸುಬಹಿ ಆದ ಮೇಲೆ ಸಾಮಾನು ಕಟ್ಟಲು ಹೊರಟೆವು. ಉಮ್ಮ ತಡೆದರು. "ಹೀಗೆ ಹೆದರಿ ಹೋದರೆ ಈ ಕುಞ್ಞಿ ಇನ್ನು ಜನ್ಮದಲ್ಲಿ ನೀರಿಗೆ ಇಳಿಯುವುದಿಲ್ಲ. ನೀವೂ ಇಳಿಯುವುದಿಲ್ಲ. ಗಂಡಸರನ್ನು ಆಚೆ ಕಳಿಸಿ. ನಾವೇ ಇಳಿಯುವ."

ಉಮ್ಮ ಹುಟ್ಟಿ ಬೆಳೆದದ್ದು ನೇತ್ರಾವತಿಯ ದಂಡೆಯಲ್ಲಿ. ತಮ್ಮಂದಿರ ಜೊತೆ ಬಾಳೆದಿಂಡು ಹಿಡಿದು ಕಾಲು ಬಡಿಯುತ್ತಿದ್ದರಂತೆ. ಒಂಬತ್ತು ವರ್ಷ ಆದಾಗ "ಹೆಣ್ಣುಮಕ್ಕಳಿಗೆ ಇನ್ನು ಸಾಕು" ಎಂದು ಮನೆಯವರು ನಿಲ್ಲಿಸಿದರು. ತಮ್ಮಂದಿರು ಹೊಳೆ ದಾಟಲು ಕಲಿತರು, ಉಮ್ಮ ಕಲಿಯಲಿಲ್ಲ. ಇದನ್ನು ಅವರು ನಮಗೆ ಹೇಳಿದ್ದು ಅಂದೇ ಮೊದಲು.

ಯಜಮಾನರಿಗೆ ಕೇಳಿದೆವು. ಅವರು ಹೆಂಡತಿಯ ಮುಖ ನೋಡಿದರು. ಆಕೆ, "ಎಂಟು ಗಂಟೆ ತನಕ ಹೆಣ್ಣುಮಕ್ಕಳಿಗೆ ಬಿಡ್ರಿ, ನಾನ ಗೇಟಿನ ಹತ್ರ ಕುಂದರ್ತೀನಿ" ಎಂದರು. ಪೂಲಿನ ಕಡೆಗಿದ್ದ ಕ್ಯಾಮೆರಾಕ್ಕೆ ಗೋಣಿಚೀಲ ಕಟ್ಟಿಸಿದರು. ನಾವು ಮೊಬೈಲುಗಳನ್ನೆಲ್ಲ ಕೋಣೆಯಲ್ಲೇ ಇಟ್ಟೆವು.

ಆದರೆ ಇನ್ನೊಂದು ಪ್ರಶ್ನೆ ಉಳಿಯಿತು. ನಿನ್ನೆ ಕುಞ್ಞಿಯನ್ನು ಎತ್ತಿದ ಹುಡುಗನನ್ನೂ ಆಚೆ ಕಳಿಸಿದ ಮೇಲೆ, ಏನಾದರೂ ಆದರೆ ಎತ್ತುವವರು ಯಾರು? ಪರ್ದೆ ಬೇಕು, ಜೀವವೂ ಉಳಿಯಬೇಕು. ಇದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಆದಷ್ಟು ಮಾಡಿದೆವು. ಮೂರು ಅಡಿಯ ಭಾಗ ಮುಗಿಯುವಲ್ಲಿ ಅಡ್ಡಲಾಗಿ ಹಗ್ಗ ಕಟ್ಟಿಸಿ, ಅದನ್ನು ಯಾರೂ ದಾಟಬಾರದು ಎಂದು ಮಾಡಿದೆವು. ಹುಡುಗ ಗೇಟಿನ ಹೊರಗೇ, ಕರೆದರೆ ಕೇಳುವಷ್ಟು ದೂರದಲ್ಲಿ ಇದ್ದ. ಒಬ್ಬೊಬ್ಬರು ಹದಿನೈದು ನಿಮಿಷ ನೀರಿಗೆ ಇಳಿಯದೆ, ಮಾತೂ ಆಡದೆ, ತಲೆ ಎಣಿಸುತ್ತಾ ದಡದಲ್ಲಿ ನಿಂತೆವು.

ಆ ಒಂದು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಉಮ್ಮ ಕಂಬಿ ಹಿಡಿದು ಕಾಲು ಬಡಿದರು, ಆಮೇಲೆ ಕುಞ್ಞಿಯ ಹೊಟ್ಟೆಗೆ ಕೈಕೊಟ್ಟು ಅವಳಿಗೂ ಬಡಿಯಲು ಹೇಳಿದರು. ಮೊದಲು ಅವರ ಕುತ್ತಿಗೆ ಬಿಡದಿದ್ದವಳು ಕೊನೆಗೆ ಒಂದು ಕೈ ಬಿಟ್ಟಳು. ಹೊರಡುವ ಹೊತ್ತಿಗೆ ಯಜಮಾನರ ಹೆಂಡತಿ ಮೆಲ್ಲಗೆ, "ಪೂಲ್ ಕಟ್ಟಿ ನಾಲ್ಕು ವರ್ಷ ಆತು. ನಾನೂ ಒಂದು ದಿನ ಇಳದಿಲ್ಲ ನೋಡ್ರಿ" ಎಂದರು.

ಬುಕ್ ಮಾಡುವ ಮೊದಲು

ಊಟ ಹಲಾಲಾ, ನಮಾಝಿಗೆ ಜಾಗ ಉಂಟಾ, ಫ್ಯಾಮಿಲಿಯವರು ಮಾತ್ರ ಬರುವುದಾ ಎಂದು ನಾವೆಲ್ಲ ಫೋನಿನಲ್ಲೇ ಕೇಳುತ್ತೇವೆ. ಇನ್ನು ಇದನ್ನೂ ಕೇಳುವ.

- ಪೂಲ್ ಎಲ್ಲಿಂದ ಎಲ್ಲಿಗೆ ಎಷ್ಟು ಅಡಿ ಆಳ? ಗೋಡೆಯ ಮೇಲೆ ಬರೆದಿದೆಯಾ? ಮಕ್ಕಳಿಗೆ ಬೇರೆ ಪೂಲ್ ಉಂಟಾ?
- ಈಜು ಬಲ್ಲ ಕಾವಲಿನವರು ಇದ್ದಾರಾ? ಎಷ್ಟು ಗಂಟೆಯಿಂದ ಎಷ್ಟರ ತನಕ?
- ಗಾಳಿ ತುಂಬಿದ ಟ್ಯೂಬು ಆಟದ ಸಾಮಾನು, ಜೀವರಕ್ಷಕ ಅಲ್ಲ. ಉದ್ದ ಕೋಲು, ಹಗ್ಗ ಕಟ್ಟಿದ ರಿಂಗು ಪೂಲಿನ ಬದಿಯಲ್ಲೇ ಇದೆಯಾ?
- ಮಹಿಳೆಯರಿಗೆ ಬೇರೆ ಸಮಯ ಸಿಗುತ್ತದಾ? ಆಗ ಕ್ಯಾಮೆರಾ ಏನು ಮಾಡುತ್ತಾರೆ?
- ತಳ ಸ್ಪಷ್ಟವಾಗಿ ಕಾಣದ ನೀರಿಗೆ ಮಕ್ಕಳನ್ನು ಇಳಿಸಬೇಡಿ. ಕ್ಲೋರಿನ್ ಘಾಟು ಜೋರಾಗಿದ್ದರೆ ನೀರು ಸ್ವಚ್ಛ ಎಂದು ಅರ್ಥವಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗಲೇ ಆ ಘಾಟು ಬರುವುದು.
- ಕಾಟನ್ ಚೂಡಿದಾರ್ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈ ಪೂರ್ತಿ ಮುಚ್ಚುವ ಈಜುಡುಗೆ ಈಗ ಸಿಗುತ್ತದೆ.
- ಮುಳುಗಿದವರನ್ನು ಎತ್ತಿದ ಮೇಲೆ ತಲೆಕೆಳಗಾಗಿ ಹಿಡಿಯಬೇಡಿ, ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು, ಎದೆ ಒತ್ತಲು ಶುರು ಮಾಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ರೆಸಾರ್ಟಿನವರಿಗೆ ಕೇಳುವುದು ಇಷ್ಟಾಯಿತು. ನಮಗೆ ನಾವೇ ಕೇಳಿಕೊಳ್ಳಬೇಕಾದದ್ದೂ ಉಂಟು. ಮಕ್ಕಳಿಗೆ ಈಜು, ಬಿಲ್ಲುವಿದ್ಯೆ, ಕುದುರೆ ಸವಾರಿ ಕಲಿಸಬೇಕೆಂಬ ಉಪದೇಶ ಖಲೀಫ ಉಮರ್ (ರ) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ವಅಝಿನಲ್ಲಿ ಕೇಳಿದ್ದೇವೆ, ತಲೆಯಾಡಿಸಿದ್ದೇವೆ. ಮಕ್ಕಳು ಎಂದಾಗ ಗಂಡುಮಕ್ಕಳು ಮಾತ್ರ ಎಂದು ಅರ್ಥ ಮಾಡಿಕೊಂಡವರು ನಾವು. ಕಡಲು, ನೇತ್ರಾವತಿ, ಫಲ್ಗುಣಿಗಳ ನಡುವೆ ಬದುಕುವ ಸಮುದಾಯದಲ್ಲಿ ಈಜು ಬಲ್ಲ ಹೆಣ್ಣುಮಕ್ಕಳು ಎಷ್ಟು ಮಂದಿ? ಬಿಡುವಿದ್ದಾಗ ನಿಮ್ಮ ಮನೆಯಲ್ಲೇ ಎಣಿಸಿ ನೋಡಿ.

ಮಂಗಳೂರಿನಲ್ಲಿ ಲೇಡಿಹಿಲ್‌ನ ಮಂಗಳಾ ಈಜುಕೊಳ ಹಿಂದಿನಿಂದಲೂ ಉಂಟು. 2023ರಲ್ಲಿ ಎಮ್ಮೆಕೆರೆಯ ಹೊಸ ಕೊಳವೂ ಆಯಿತು. ಹತ್ತು ಮಂದಿ ತಾಯಂದಿರು ಒಟ್ಟಾಗಿ ಹೋಗಿ, ಮಹಿಳೆಯರಿಗೇ ಬೇರೆ ಹೊತ್ತು, ಮಹಿಳಾ ತರಬೇತುದಾರರು ಬೇಕು ಎಂದು ಕೇಳಿದರೆ ತಪ್ಪೇನು? ಜಮಾಅತಿನವರು, ನಮ್ಮ ಸಂಘಟನೆಗಳು ರಜೆಯಲ್ಲಿ ಟೈಲರಿಂಗ್, ಮೆಹಂದಿ, ಅಡುಗೆ ಶಿಬಿರ ಮಾಡುತ್ತಾರೆ. ಅದರ ಸಾಲಿಗೆ ಇದೊಂದು ಸೇರಲಿ. ನಮ್ಮ ಹುಡುಗಿಯರಲ್ಲಿ ಕೆಲವರು ಚೆನ್ನಾಗಿ ಕಲಿತು ಜೀವರಕ್ಷಕರ ತರಬೇತಿಯನ್ನೂ ಪಡೆದರೆ, ಅವತ್ತು ನ್ಯಾಮತಿಯಲ್ಲಿ ನಮಗೆ ಸಿಗದ ಉತ್ತರ ಸಿಕ್ಕಿದ ಹಾಗೆ.

ವಾಪಸ್ ಬರುವಾಗ ಕುಞ್ಞಿ ಕಾರಿನ ಕಿಟಕಿಗೆ ಬಂದು ಉಮ್ಮನ ಹತ್ತಿರ ಕೇಳಿದಳು, "ಮುಂದಿನ ರಜೆಯಲ್ಲಿ ಬಂದು ಇನ್ನೂ ಕಲಿಸ್ತೀರಾ?" ಉಮ್ಮ ಕೂಡಲೇ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇನ್‌ಶಾ ಅಲ್ಲಾಹ್. ಮೊದಲು ನಾನು ಕಲಿಯುತ್ತೇನೆ" ಎಂದರು.